ವಿಮಾನ ಬೀಳುವುದಾದರೆ ಸೊಂಟದ ಬೆಲ್ಟಿನಿಂದ ಏನು ಉಪಯೋಗ?

ಪ್ರಶ್ನೆ: ನಾನು, ನನ್ನ ಹೆಂಡತಿ ಮುಂದಿನ ತಿಂಗಳು ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಇಬ್ಬರಿಗೂ ಇದು ಮೊದಲ ವಿಮಾನ ಪ್ರಯಾಣ. ವಾಪಸ್ ಬರುವಾಗ ಮಗಳು ಮತ್ತು ಹದಿನಾಲ್ಕು ತಿಂಗಳ ಮೊಮ್ಮಗನೂ ನಮ್ಮ ಜೊತೆ ಬರುತ್ತಾರೆ. ಅಹಮದಾಬಾದಿನ ಅಪಘಾತದ ಸುದ್ದಿ ನೋಡಿದಾಗಿನಿಂದ ನನ್ನ ಹೆಂಡತಿಗೆ ಭಯ ಹತ್ತಿಕೊಂಡಿದೆ. "ಅಲ್ಲೂ ಎಲ್ಲರೂ ಬೆಲ್ಟ್ ಹಾಕಿಕೊಂಡೇ ಕೂತಿದ್ದರಲ್ಲ, ಏನಾಯ್ತು?" ಎಂದು ಕೇಳುತ್ತಾಳೆ. ಪಕ್ಕದ ಮನೆಯವರಂತೂ, ಬೆಲ್ಟ್ ಹಾಕಿಸುವುದೇ ಆಮೇಲೆ ಯಾರ ದೇಹ ಯಾವುದು ಎಂದು ಗುರುತಿಸಲಿಕ್ಕೆ ಅಂದುಬಿಟ್ಟರು. ಕಾರಿನಲ್ಲಿ ಹೆಗಲ ಮೇಲೂ ಬೆಲ್ಟ್ ಇರುತ್ತದೆ, ವಿಮಾನದಲ್ಲಿ ಬರೀ ಸೊಂಟಕ್ಕೆ ಯಾಕೆ? ಅದರಿಂದ ನಿಜವಾಗಿ ಉಪಯೋಗ ಇದೆಯಾ? ಅಷ್ಟು ಗಂಟೆ ಹಾಕಿಕೊಂಡೇ ಕೂರಬೇಕಾ? – ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಮನೆಯವರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದ ವಿಮಾನದಲ್ಲಿ 242 ಜನ ಇದ್ದರು. ಬದುಕಿದ್ದು ಒಬ್ಬರು. ಟೇಕಾಫ್ ಆಗಿ ಒಂದು ನಿಮಿಷವೂ ಕಳೆದಿರಲಿಲ್ಲ. ಎಲ್ಲರೂ ಬೆಲ್ಟ್ ಹಾಕಿಕೊಂಡಿರಬೇಕಾದ ಹೊತ್ತು ಅದು. ವಿಮಾನ ಅಷ್ಟು ರಭಸದಿಂದ ಕಟ್ಟಡಕ್ಕೆ ಬಡಿದು, ದೂರದ ಪ್ರಯಾಣಕ್ಕೆ ತುಂಬಿಸಿದ್ದ ಇಂಧನವೆಲ್ಲ ಹೊತ್ತಿಕೊಂಡರೆ ಯಾವ ಬೆಲ್ಟೂ ಕಾಪಾಡುವುದಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲು ನನಗೆ ಮನಸ್ಸಿಲ್ಲ.

ಆದರೆ ನಾನು ಇಪ್ಪತ್ತೆರಡು ವರ್ಷ ವಿಮಾನದಲ್ಲಿ ಕ್ಯಾಬಿನ್ ಸಿಬ್ಬಂದಿಯಾಗಿ ಕೆಲಸ ಮಾಡಿದವಳು. ಆಮೇಲೆ ಹೊಸದಾಗಿ ಸೇರಿದವರಿಗೆ ಸುರಕ್ಷತೆಯ ಪಾಠ ಹೇಳಿದವಳು. ಅಷ್ಟೂ ವರ್ಷಗಳಲ್ಲಿ ಬೆಲ್ಟ್ ಕೆಲಸಕ್ಕೆ ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಷ್ಟೂ ಸಲ ವಿಮಾನ ಏನೂ ಆಗದೆ ಬಂದು ಇಳಿದಿದೆ. ಬೆಲ್ಟ್ ಎಂದ ಕೂಡಲೇ ನಮಗೆಲ್ಲ ಬೀಳುವ ವಿಮಾನ ನೆನಪಿಗೆ ಬರುತ್ತದೆ, ಅಲ್ವಾ? ಅದು ದಿನಾ ದುಡಿಯುವುದು ಹಾರುತ್ತಿರುವ ವಿಮಾನದಲ್ಲಿ.

ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಹೋದ ಅನುಭವ ನಿಮಗೂ ಇದ್ದೇ ಇರುತ್ತದೆ. ಡ್ರೈವರ್ ಹಂಪ್ ನೋಡದೆ ಓಡಿಸಿಬಿಟ್ಟರೆ ಏನಾಗುತ್ತದೆ? ಸೀಟು ಕೆಳಗೆ ಇಳಿಯುತ್ತದೆ, ನಾವು ಮೇಲೇ ಉಳಿಯುತ್ತೇವೆ. ಒಂದು ಕ್ಷಣ ಬಿಟ್ಟು ಧೊಪ್ ಅಂತ ಬಂದು ಬೀಳುತ್ತೇವೆ. ಬಸ್ಸು ಇಳಿದಷ್ಟು ಬೇಗ ನಮ್ಮ ಮೈ ಇಳಿಯಲಿಲ್ಲ, ಅಷ್ಟೇ. ವಿಮಾನದಲ್ಲೂ ಇದೇ ಆಗುವುದು. ಗಾಳಿಯ ಏರುಪೇರಿಗೆ, ಅಂದರೆ ಟರ್ಬುಲೆನ್ಸಿಗೆ ಸಿಕ್ಕಿ ವಿಮಾನ ದಿಢೀರನೆ ಕೆಳಕ್ಕೆ ಹೋದರೆ, ಬೆಲ್ಟ್ ಇಲ್ಲದವರು ಇದ್ದಲ್ಲೇ ಗಾಳಿಯಲ್ಲಿ ಉಳಿಯುತ್ತಾರೆ. ಚಾವಣಿ ಬಂದು ತಲೆಗೆ ಬಡಿಯುತ್ತದೆ. ಮರುಕ್ಷಣ ವಿಮಾನ ಮೇಲೇರಿದಾಗ ನೆಲ ಬಂದು ಬೆನ್ನಿಗೆ ಬಡಿಯುತ್ತದೆ. ವಿಮಾನ ಎತ್ತ ಹೋದರೂ ನಿಮ್ಮನ್ನು ತನ್ನ ಜೊತೆಗೇ ಒಯ್ಯುವಂತೆ ಮಾಡುವುದು ಬೆಲ್ಟ್.

ನನ್ನ ಕಣ್ಣೆದುರೇ ನಡೆದದ್ದನ್ನು ಹೇಳುತ್ತೇನೆ. ಮೇ ತಿಂಗಳ ಒಂದು ಸಂಜೆ, ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದೆವು. ಮುಂಗಾರಿಗೆ ಮುಂಚಿನ ಮೋಡಗಳ ಕಾಲ. ಬೆಲ್ಟ್ ಹಾಕಿಕೊಳ್ಳಿ ಎಂದು ಸೂಚಿಸಲು ಸೀಟಿನ ಮೇಲ್ಗಡೆ ಇರುವ ದೀಪ, ಅಂದರೆ ಬೆಲ್ಟಿನ ದೀಪ, ಹತ್ತಿತ್ತು. ನಾವು ಟೀ ಕೊಡುವುದನ್ನು ನಿಲ್ಲಿಸಿ ಟ್ರಾಲಿಯನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತಿದ್ದೆವು. ಹದಿನೇಳನೇ ಸಾಲಿನಲ್ಲಿ ಒಬ್ಬರು ಮೇಲಿನ ಬ್ಯಾಗಿನಿಂದ ಫೋನಿನ ಚಾರ್ಜರ್ ತೆಗೆಯಲು ಎದ್ದರು. "ಸರ್, ದಯವಿಟ್ಟು ಕೂತ್ಕೊಳ್ಳಿ" ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಾಲು ನೆಲ ಬಿಟ್ಟಿತ್ತು. ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು, ಅಷ್ಟೇ. ನಾನು ಸೀಟಿನ ತೋಳು ಹಿಡಿದುಕೊಂಡು ಹೇಗೋ ಬಚಾವಾದೆ. ಅವರ ತಲೆ ಓದುವ ದೀಪದ ಪಟ್ಟಿಗೆ ಬಡಿದು, ಆ ಪಟ್ಟಿಯೇ ಸೀಳಿತ್ತು. ನನ್ನ ಜೊತೆಗಾತಿಯ ಪಾದದ ಮೇಲೆ ಟ್ರಾಲಿ ಬಿದ್ದು ಮೂಳೆ ಮುರಿಯಿತು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಚಾವಣಿ. ಟೀ ಕಲೆ ಪೂರ್ತಿ ಹರಡಿಕೊಂಡು, ಅಲ್ಲಿಂದ ಒಂದೊಂದೇ ಹನಿ ಕೆಳಗೆ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಬೆಲ್ಟ್ ಬಿಗಿದುಕೊಂಡು ಕೂತಿದ್ದ ಒಬ್ಬ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, "ಏನಮ್ಮಾ, ಮಳೆ ಬಂತಾ?" ಎಂದು ಕೇಳಿದರು. ಅವರಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. ಅವರಿಗೂ ತಲೆ ಒಡೆದುಕೊಂಡವರಿಗೂ ನಡುವೆ ಇದ್ದದ್ದು ಎರಡು ಸಾಲು.

ಇದಕ್ಕಿಂತ ಎಷ್ಟೋ ಪಾಲು ದೊಡ್ಡದೊಂದು ಘಟನೆ ನಿಮಗೂ ನೆನಪಿರಬಹುದು. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಾಪುರಕ್ಕೆ ಹೋಗುತ್ತಿದ್ದ ಸಿಂಗಾಪುರ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರಿನ ಮೇಲೆ, 37 ಸಾವಿರ ಅಡಿ ಎತ್ತರದಲ್ಲಿ ಹೀಗೆಯೇ ಸಿಕ್ಕಿಬಿತ್ತು. ಒಳಗೆ 211 ಪ್ರಯಾಣಿಕರು, 18 ಸಿಬ್ಬಂದಿ. ವಿಮಾನವನ್ನು ಬ್ಯಾಂಕಾಕಿಗೆ ತಿರುಗಿಸಿ ಇಳಿಸಿದರು. 73 ವರ್ಷದ ಒಬ್ಬ ಪ್ರಯಾಣಿಕರು ತೀರಿಕೊಂಡರು, ಹೃದಯಾಘಾತ ಇರಬಹುದು ಎಂದು ಹೇಳಲಾಯಿತು. ಎಷ್ಟೋ ಜನರಿಗೆ ತಲೆ, ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಯಿತು. ಅಂದಿನ ಫೋಟೋಗಳಲ್ಲಿ ಒಡೆದ ಚಾವಣಿ, ಕೆಳಗೆ ನೇತಾಡುವ ಆಮ್ಲಜನಕದ ಮುಖವಾಡಗಳು ಕಾಣುತ್ತವೆ.

ಆಮೇಲೆ ತನಿಖೆಯವರು ರೆಕಾರ್ಡರ್ ತೆಗೆದು ನೋಡಿದಾಗ ಗೊತ್ತಾದದ್ದು ಇದು: ವಿಮಾನ ಕುಸಿದದ್ದು ಬರೀ 178 ಅಡಿ, ಅಂದರೆ ಸುಮಾರು 54 ಮೀಟರ್. ತೆಗೆದುಕೊಂಡ ಸಮಯ 4.6 ಸೆಕೆಂಡ್. 37 ಸಾವಿರ ಅಡಿಯ ಲೆಕ್ಕದಲ್ಲಿ ಇದೇನು ದೊಡ್ಡ ಕುಸಿತವಲ್ಲ. ಜನರಿಗೆ ಗಾಯ ಮಾಡಿದ್ದು ಎಳೆತ ತಿರುವುಮುರುವಾದ ವೇಗ. ಮೊದಲು ಎಲ್ಲರನ್ನೂ ಅವರ ತೂಕದ 1.35 ಪಟ್ಟು ಬಲದಿಂದ ಸೀಟಿಗೆ ಒತ್ತುತ್ತಿದ್ದ ವಿಮಾನ, 0.6 ಸೆಕೆಂಡಿನಲ್ಲಿ ಒಂದೂವರೆ ಪಟ್ಟು ಬಲದಿಂದ ಮೇಲಕ್ಕೆ ಎಸೆಯುವಂತಾಯಿತು. ನಾನು ಪಾಠದಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. 60 ಕಿಲೋ ತೂಕದ ಮನುಷ್ಯನನ್ನು ಆಗ 90 ಕಿಲೋ ಬಲ ಮೇಲಕ್ಕೆ ಎತ್ತುತ್ತದೆ. ತಲೆಯಿಂದ ಚಾವಣಿ ಒಂದು ಮೀಟರ್ ದೂರ ಇದ್ದರೆ ಅದನ್ನು ಮುಟ್ಟಲು ಅರ್ಧ ಸೆಕೆಂಡೂ ಬೇಡ. ಕೈಯಿಂದ ಏನಾದರೂ ಹಿಡಿದುಕೊಳ್ಳುತ್ತೇನೆ ಎನ್ನುವವರು ಈ ಲೆಕ್ಕ ನೋಡಬೇಕು. ಹಿಡಿಯಬೇಕು ಎಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಂದು ಪೈಲಟ್ ಬೆಲ್ಟಿನ ದೀಪ ಹಾಕಿ ಹೇಳಿಯೂ ಇದ್ದರು. ಕುಲುಕಾಟ ಶುರುವಾದ ಮೇಲೆ ಸಿಕ್ಕಿದ್ದು ಕೆಲವೇ ಸೆಕೆಂಡುಗಳು.

ಮುಂಚೆಯೇ ಗೊತ್ತಾಗುವುದಿಲ್ಲವಾ ಎಂದು ನೀವು ಕೇಳಬಹುದು. ಎಷ್ಟೋ ಸಲ ಗೊತ್ತಾಗುತ್ತದೆ. ವಿಮಾನದ ಮೂತಿಯಲ್ಲಿರುವ ರೇಡಾರ್ ಮೋಡದೊಳಗಿನ ನೀರಹನಿಗಳನ್ನು ಕಾಣುತ್ತದೆ, ಪೈಲಟ್ ಸುತ್ತು ಹಾಕಿಕೊಂಡು ಹೋಗುತ್ತಾರೆ. ಆದರೆ ನೀರಿಲ್ಲದ ಬರೀ ಗಾಳಿಯ ಸುಳಿ ಅದಕ್ಕೆ ಕಾಣುವುದಿಲ್ಲ. ಕಿಟಕಿಯಾಚೆ ನೀಲಿ ಆಕಾಶ, ಹೊಳೆಯುವ ಬಿಸಿಲು ಇರುವಾಗಲೂ ಏಟು ಬೀಳಬಹುದು. ಇದು ಜಾಸ್ತಿಯೂ ಆಗುತ್ತಿದೆ. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಉತ್ತರ ಅಟ್ಲಾಂಟಿಕ್ ಮೇಲಿನ ಒಂದು ಸಾಮಾನ್ಯ ಜಾಗದಲ್ಲಿ ಇಂಥ ತೀವ್ರ ಟರ್ಬುಲೆನ್ಸ್ 1979ರಲ್ಲಿ ವರ್ಷಕ್ಕೆ 17.7 ಗಂಟೆ ಇದ್ದದ್ದು 2020ಕ್ಕೆ 27.4 ಗಂಟೆಗೆ ಏರಿದೆ. ನೀವು ಯುರೋಪಿನ ಮೇಲೆ ಹೋಗುವುದಾದರೆ ಅದು ನಿಮ್ಮ ದಾರಿಯೇ.

ಅದಕ್ಕೇ ದೀಪ ಆರಿದ ಮೇಲೂ ಬೆಲ್ಟ್ ತೆಗೆಯಬೇಡಿ ಎಂದು ನಾವು ಪ್ರತಿ ಸಲ ಹೇಳುವುದು. ಈ ಮಾತನ್ನು ಜನ ಕಿವಿಗೆ ಹಾಕಿಕೊಳ್ಳುವುದೇ ಇಲ್ಲ. 2008ರ ಅಕ್ಟೋಬರ್ 7ರಂದು ಸಿಂಗಾಪುರದಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗುತ್ತಿದ್ದ ಕ್ವಾಂಟಸ್ ವಿಮಾನದಲ್ಲಿ ಹವಾಮಾನದ ತೊಂದರೆ ಏನೂ ಇರಲಿಲ್ಲ. ಒಂದು ಉಪಕರಣ ತಪ್ಪು ಮಾಹಿತಿ ಕೊಟ್ಟಿತು, ಕಂಪ್ಯೂಟರ್ ಅದನ್ನು ನಂಬಿ ವಿಮಾನದ ಮೂತಿಯನ್ನು ದಿಢೀರನೆ ಕೆಳಗೆ ಮಾಡಿತು. 303 ಪ್ರಯಾಣಿಕರಲ್ಲಿ ಕನಿಷ್ಠ 110 ಜನರಿಗೆ, 12 ಸಿಬ್ಬಂದಿಯಲ್ಲಿ 9 ಜನರಿಗೆ ಗಾಯವಾಯಿತು. ಸುಮಾರು 60 ಜನ ಸೀಟಿನಲ್ಲಿ ಕೂತಿದ್ದರೂ ಬೆಲ್ಟ್ ಹಾಕಿರಲಿಲ್ಲ. ನಿಂತಿದ್ದವರು ಮತ್ತು ಬೆಲ್ಟ್ ಇಲ್ಲದೆ ಕೂತಿದ್ದವರ ಗಾಯಗಳು ಉಳಿದವರದಕ್ಕಿಂತ ತುಂಬಾ ಕೆಟ್ಟದಾಗಿದ್ದವು ಎಂದು ತನಿಖೆ ಹೇಳಿತು. ಅದೇ ತನಿಖೆಯಲ್ಲಿ ಇನ್ನೊಂದು ಸಣ್ಣ ಸಂಗತಿ ಹೊರಬಂತು. ಬೆಲ್ಟನ್ನು ತೀರಾ ಸಡಿಲ ಬಿಟ್ಟುಕೊಂಡಿದ್ದರೆ ಬಕಲ್ ಜಾರಿ ಸೀಟಿನ ತೋಳಿನ ಕೆಳಗೆ ಬಂದು ಕೂರಬಹುದು. ಮೈ ಮೇಲೆದ್ದಾಗ ಬಕಲಿನ ಮುಚ್ಚಳ ಆ ತೋಳಿಗೆ ಸಿಕ್ಕಿ ತಾನಾಗಿ ತೆರೆದುಕೊಳ್ಳಬಹುದು. ನಾನು ಪಾಠದಲ್ಲಿ ಇದನ್ನು ಮಾಡಿ ತೋರಿಸಿದಾಗ ಹೊಸ ಹುಡುಗಿಯರು ಬೆರಗಾಗುತ್ತಿದ್ದರು. ಬಕಲ್ ಹೊಕ್ಕುಳಿನ ಕೆಳಗೆ, ಮಧ್ಯಕ್ಕೆ ಇರಬೇಕು ಎನ್ನುವುದು ಸುಮ್ನೆ ಅಂದಚಂದಕ್ಕೆ ಹೇಳುವ ಮಾತಲ್ಲ.

ಹವಾಯಿಯ ಅಲೋಹಾ ಏರ್‌ಲೈನ್ಸ್ ಘಟನೆಯನ್ನೂ ಹೇಳಬೇಕು. 1988ರ ಏಪ್ರಿಲ್ 28. ಹೀಲೋದಿಂದ ಹೊನಲುಲುವಿಗೆ ಸಣ್ಣ ಪ್ರಯಾಣ. 24 ಸಾವಿರ ಅಡಿ ಎತ್ತರದಲ್ಲಿ ಹಳೆಯ ವಿಮಾನದ ಚಾವಣಿ ಸುಮಾರು 18 ಅಡಿ ಉದ್ದಕ್ಕೆ ಕಿತ್ತುಹೋಯಿತು. ಮುಂದಿನ ಕೆಲವು ಸಾಲುಗಳ ಜನ ತಲೆಯ ಮೇಲೆ ಬರೀ ಆಕಾಶ, ಮುಖಕ್ಕೆ ರಾಚುವ ಗಾಳಿ, ಹೀಗೆ ಕೂತಿದ್ದರು. ಬೆಲ್ಟಿನ ದೀಪ ಇನ್ನೂ ಆರಿರಲಿಲ್ಲ, ಹಾಗಾಗಿ ಪ್ರಯಾಣಿಕರೆಲ್ಲರೂ ಬೆಲ್ಟಿನಲ್ಲಿದ್ದರು. 95 ಜನರಲ್ಲಿ ಹೋದದ್ದು ಒಂದೇ ಜೀವ. ನಿಂತು ಕೆಲಸ ಮಾಡುತ್ತಿದ್ದ ಹಿರಿಯ ಗಗನಸಖಿ ಕ್ಲಾರಾಬೆಲ್ ಲಾನ್ಸಿಂಗ್ ಅವರದು. ನನ್ನ ಕಸುಬಿನವರು ಈ ಹೆಸರನ್ನು ಮರೆಯುವುದಿಲ್ಲ. ಉಳಿದವರನ್ನು ಪೈಲಟ್‌ಗಳು ಮಾವಿ ದ್ವೀಪದಲ್ಲಿ ಇಳಿಸಿದರು.

ಬೆಲ್ಟ್ ಇಲ್ಲದ ಕಾಲವೂ ಇತ್ತು. 1912ರ ಜುಲೈ 1ರಂದು ಅಮೆರಿಕದ ಬಾಸ್ಟನ್ ಹತ್ತಿರ ಪ್ರಸಿದ್ಧ ಮಹಿಳಾ ಪೈಲಟ್ ಹ್ಯಾರಿಯೆಟ್ ಕ್ವಿಂಬಿ ಒಬ್ಬ ಪ್ರಯಾಣಿಕನನ್ನು ಕೂರಿಸಿಕೊಂಡು ಹಾರುತ್ತಿದ್ದರು. ವಿಮಾನ ಇದ್ದಕ್ಕಿದ್ದಂತೆ ಮುಗ್ಗರಿಸಿತು. ಮೊದಲು ಆ ಪ್ರಯಾಣಿಕ, ಹಿಂದೆಯೇ ಕ್ವಿಂಬಿ, ಇಬ್ಬರೂ ಹೊರಗೆ ಎಸೆಯಲ್ಪಟ್ಟು ತೀರಿಕೊಂಡರು. ಯಾರೂ ಇಲ್ಲದ ವಿಮಾನ ತಾನಾಗಿ ತೇಲಿಕೊಂಡು ಬಂದು ಕೆಸರಿನಲ್ಲಿ ನಿಂತಿತು. ಅವರಿಬ್ಬರನ್ನು ಸೀಟಿಗೆ ಒಂದು ಚರ್ಮದ ಪಟ್ಟಿ ಹಿಡಿದಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ನಿಜವಾದ ಅಪಘಾತಗಳ ಮಾತು. ವಿಮಾನ ಅಪಘಾತ ಎಂದರೆ ಎಲ್ಲರೂ ಸಾಯುತ್ತಾರೆ ಎಂದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅಂಥವೇ ವಾರಗಟ್ಟಲೆ ಟೀವಿಯಲ್ಲಿ ಬರುತ್ತವೆ, ಅದಕ್ಕೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1983ರಿಂದ 2000ದವರೆಗಿನ ತನ್ನ ದೇಶದ ವಿಮಾನ ಕಂಪನಿಗಳ 568 ಅಪಘಾತಗಳನ್ನು ಲೆಕ್ಕ ಹಾಕಿತ್ತು. ಅವುಗಳಲ್ಲಿ ಇದ್ದವರು 53,487 ಜನ. ಬದುಕಿದವರು 51,207. ನೂರಕ್ಕೆ 95ಕ್ಕೂ ಜಾಸ್ತಿ. ಬೆಂಕಿ, ದೊಡ್ಡ ಹಾನಿ, ತೀವ್ರ ಗಾಯ ಮೂರೂ ಇದ್ದ 26 ಭೀಕರ ಅಪಘಾತಗಳನ್ನು ಮಾತ್ರ ತೆಗೆದುಕೊಂಡರೂ ಅರ್ಧಕ್ಕಿಂತ ಹೆಚ್ಚು ಜನ ಬದುಕಿದ್ದರು.

2025ರ ಫೆಬ್ರವರಿ 17ರ ಟೊರೊಂಟೊ ವಿಡಿಯೋ ನಿಮ್ಮ ಮನೆಯವರಿಗೆ ತೋರಿಸಿ. ನೋಡಲು ಭಯವಾಗುತ್ತದೆ, ಆದರೂ ತೋರಿಸಿ. ಹಿಮದ ರನ್‌ವೇ ಮೇಲೆ ಇಳಿಯುವಾಗ ವಿಮಾನ ನೆಲಕ್ಕೆ ಬಡಿದು, ರೆಕ್ಕೆ ಮುರಿದು, ಬೆಂಕಿ ಹತ್ತಿ, ಪೂರ್ತಿ ಮಗುಚಿಕೊಂಡಿತು. ಒಳಗೆ 80 ಜನ. ಎಲ್ಲರೂ ಬೆಲ್ಟಿನಲ್ಲಿ ತಲೆಕೆಳಗಾಗಿ, ಬಾವಲಿಗಳ ಹಾಗೆ ನೇತಾಡುತ್ತಿದ್ದರು. ಒಬ್ಬೊಬ್ಬರೇ ಬಕಲ್ ಬಿಚ್ಚಿ ಚಾವಣಿಯ ಮೇಲೆ ಇಳಿದು, ನಡೆದು ಹೊರಗೆ ಬಂದರು. 80ಕ್ಕೆ 80 ಜನ ಬದುಕಿದರು. ಬೆಲ್ಟ್ ಇಲ್ಲದೆ ಅಷ್ಟೂ ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರೆ ಹೊರಗೆ ಬರುವ ಸ್ಥಿತಿಯಲ್ಲಿ ಎಷ್ಟು ಜನ ಇರುತ್ತಿದ್ದರು?

ನಮ್ಮ ಬೆಂಗಳೂರಿನಲ್ಲೇ ಆದದ್ದೂ ಇದೆ. 1990ರ ಫೆಬ್ರವರಿ 14ರಂದು ಮುಂಬೈನಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಎಚ್ಎಎಲ್ ರನ್‌ವೇ ಇನ್ನೂ ಮುಂದಿರುವಾಗಲೇ ಗಾಲ್ಫ್ ಮೈದಾನಕ್ಕೆ ಇಳಿದು ಬಡಿಯಿತು, ಬೆಂಕಿ ಹತ್ತಿತು. 146 ಜನರಲ್ಲಿ 92 ಜನ ತೀರಿಕೊಂಡರು. 54 ಜನ ಬದುಕಿದರು. ಇಂಥ ಅಪಘಾತದಲ್ಲಿ ಬಡಿತ ಒಂದು ಕಡೆ, ಅದರ ಹಿಂದೆಯೇ ಬರುವ ಹೊಗೆ ಮತ್ತು ಬೆಂಕಿ ಇನ್ನೊಂದು ಕಡೆ. ಹೊಸ ವಿಮಾನಕ್ಕೆ ಅನುಮತಿ ಸಿಗಬೇಕಾದರೆ, ಅರ್ಧ ಬಾಗಿಲು ಮಾತ್ರ ಬಳಸಿ, ಕತ್ತಲಲ್ಲಿ, ತುಂಬಿದ ಜನರೆಲ್ಲ 90 ಸೆಕೆಂಡಿನಲ್ಲಿ ಹೊರಗೆ ಬರಬಹುದು ಎಂದು ತೋರಿಸಬೇಕು. ಆ 90 ಸೆಕೆಂಡನ್ನು ಬಳಸಿಕೊಳ್ಳಲು ನಿಮಗೆ ಎಚ್ಚರ ಇರಬೇಕು, ಕಾಲು ಮುರಿದಿರಬಾರದು. ಬಡಿತದ ಹೊತ್ತಿನಲ್ಲಿ ಬೆಲ್ಟ್ ನಿಮಗೆ ಕೊಡುವುದು ಅದನ್ನೇ. ಅಹಮದಾಬಾದಿನಲ್ಲಿ ಬದುಕಿದ ಆ ಒಬ್ಬರೂ, ತಾನು ಬೆಲ್ಟ್ ಬಿಚ್ಚಿಕೊಂಡು ಒಡೆದ ಜಾಗದಿಂದ ಹೊರಬಂದೆ ಎಂದೇ ಹೇಳಿದ್ದಾರೆ.

ಹೆಗಲ ಬೆಲ್ಟಿನ ಪ್ರಶ್ನೆ ಚೆನ್ನಾಗಿದೆ. ಕಾರಿನಲ್ಲಿ ಹೆಗಲ ಪಟ್ಟಿಯ ಮೇಲ್ತುದಿ ಬಾಗಿಲ ಪಕ್ಕದ ಕಂಬಕ್ಕೆ ಬಿಗಿದಿರುತ್ತದೆ. ವಿಮಾನದ ನಡುಸಾಲಿನ ಸೀಟಿಗೆ ಕಂಬ ಎಲ್ಲಿಂದ ತರುವುದು? ಸೀಟಿನ ಬೆನ್ನಿಗೇ ಬಿಗಿಯಬೇಕು. ಹಾಗೆ ಮಾಡಿದರೆ ಆ ಬೆನ್ನು ಅಲ್ಲಾಡದಷ್ಟು ಗಟ್ಟಿಯಾಗಿರಬೇಕು. ಈಗಿನ ಸೀಟಿನ ಬೆನ್ನು, ಹಿಂದಿನವರ ತಲೆ ಬಂದು ತಾಗಿದರೆ ಮುಂದಕ್ಕೆ ಮಡಚಿಕೊಂಡು ಏಟನ್ನು ಕಡಿಮೆ ಮಾಡುತ್ತದೆ. ಗಟ್ಟಿ ಮಾಡಿದರೆ ಅದೇ ಗೋಡೆಯಾಗುತ್ತದೆ. ತೂಕವೂ ಜಾಸ್ತಿ, ಸೀಟನ್ನು ಹಿಡಿದಿರುವ ನೆಲದ ಮೇಲಿನ ಎಳೆತವೂ ಜಾಸ್ತಿ. ಗಾಳಿಯ ಏಟು ಹೆಚ್ಚಾಗಿ ಮೇಲೆ ಕೆಳಗೆ ಬರುವುದರಿಂದ ಅದಕ್ಕೆ ಸೊಂಟದ ಬೆಲ್ಟೇ ಸಾಕು. ನಮ್ಮ ಸಿಬ್ಬಂದಿಯ ಮಡಚುವ ಸೀಟಿಗೆ ಹೆಗಲ ಪಟ್ಟಿ ಇದೆ, ಯಾಕೆಂದರೆ ಅದು ಗೋಡೆಗೆ ಅಂಟಿಕೊಂಡಿರುತ್ತದೆ. ಎದುರಿಗೆ ಸೀಟಿಲ್ಲದ ಮೊದಲ ಸಾಲಿನಲ್ಲಿ ಬೆಲ್ಟ್ ದಪ್ಪಗೆ ಕಂಡರೆ ಗಾಬರಿಯಾಗಬೇಡಿ, ಅದರೊಳಗೆ ಏರ್‌ಬ್ಯಾಗ್ ಇರುತ್ತದೆ.

ಸೀಟು ಮತ್ತು ಬೆಲ್ಟ್ ಎಷ್ಟು ತಡೆದುಕೊಳ್ಳಬೇಕು ಎನ್ನುವುದಕ್ಕೂ ಲೆಕ್ಕ ಇದೆ. ಮುಂಚೆ ಕೂತವರ ತೂಕದ 9 ಪಟ್ಟು ಎಳೆತ ತಡೆದರೆ ಸಾಕಿತ್ತು. 1988ರಲ್ಲಿ ಅಮೆರಿಕ ಹೊಸ ಮಾದರಿಯ ವಿಮಾನಗಳಿಗೆ ಅದನ್ನು 16 ಪಟ್ಟು ಮಾಡಿತು. ಗೊಂಬೆಯನ್ನು ಕೂರಿಸಿ, ಹಳಿಯ ಮೇಲೆ ಓಡಿಸಿ, ಒಮ್ಮೆಲೇ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. 60 ಕಿಲೋದವರ ಲೆಕ್ಕದಲ್ಲಿ ಇದು 960 ಕಿಲೋ. ಆ ಎರಡು ಬೆರಳಗಲದ ಪಟ್ಟಿಯನ್ನು ಮುಂದಿನ ಸಲ ಮುಟ್ಟಿ ನೋಡುವಾಗ ಇದು ನೆನಪಿರಲಿ.

ಪಕ್ಕದ ಮನೆಯವರ ಮಾತಿಗೆ ಬರುತ್ತೇನೆ. ಅದು ಸುಳ್ಳು. ಬೆಲ್ಟಿನ ಬಗ್ಗೆಯೂ ಈ ಸುಳ್ಳು ಓಡಾಡುತ್ತದೆ, ವಿಮಾನ ನೆಲಕ್ಕೆ ಬಡಿಯುವ ಮುಂಚೆ ತಲೆ ಬಗ್ಗಿಸಿ ಕೂರುವ ಭಂಗಿಯ ಬಗ್ಗೆಯೂ ಓಡಾಡುತ್ತದೆ. ನನಗೆ ಇದು ಬರೀ ತಮಾಷೆಯಾಗಿ ಕಾಣುವುದಿಲ್ಲ. ಇದನ್ನು ನಂಬಿದವರು ಬೇಕಾದ ಹೊತ್ತಿನಲ್ಲಿ ಮಾಡಬೇಕಾದ್ದನ್ನು ಮಾಡುವುದಿಲ್ಲ. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್ವರ್ತ್ ಬಳಿ ಹೆದ್ದಾರಿಯ ದಿಬ್ಬಕ್ಕೆ ಒಂದು ವಿಮಾನ ಬಡಿಯಿತು. 126 ಜನರಲ್ಲಿ 79 ಜನ ಬದುಕಿದರು. ಯಾರಿಗೆ ಎಲ್ಲಿ ಪೆಟ್ಟಾಗಿದೆ ಎಂದು ವೈದ್ಯರು ಮತ್ತು ಎಂಜಿನಿಯರುಗಳು ಒಬ್ಬೊಬ್ಬರದನ್ನೂ ಅಧ್ಯಯನ ಮಾಡಿ ಈ ಭಂಗಿಯನ್ನು ತಿದ್ದಿದರು. ಹಣೆ ಮುಂದಿನ ಸೀಟಿಗೆ ಆತುಕೊಂಡಿರಬೇಕು. ಕೈಗಳು ತಲೆಯ ಮೇಲೆ, ಬೆರಳು ಹೆಣೆಯಬಾರದು. ಪಾದ ನೆಲಕ್ಕೆ ಪೂರ್ತಿ ಊರಿ, ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ. ತಲೆ ಮೊದಲೇ ಸೀಟಿಗೆ ತಾಗಿದ್ದರೆ ದೂರದಿಂದ ಬಂದು ಬಡಿಯುವುದಿಲ್ಲ.

ಹಾಕಿಕೊಳ್ಳುವ ರೀತಿ ಹೀಗೆ. ಬೆಲ್ಟ್ ಹೊಟ್ಟೆಯ ಮೇಲೆ ಬೇಡ. ಸೊಂಟದ ಮೂಳೆಗಳ ಮೇಲೆ, ತೊಡೆಯ ಬುಡಕ್ಕೆ ತಾಗಿದಂತೆ ಇರಲಿ. ಮೂಳೆ ಎಳೆತವನ್ನು ತಡೆದುಕೊಳ್ಳುತ್ತದೆ, ಹೊಟ್ಟೆಯೊಳಗಿನ ಕರುಳು ತಡೆದುಕೊಳ್ಳುವುದಿಲ್ಲ. ಟೇಕಾಫ್ ಮತ್ತು ಲ್ಯಾಂಡಿಂಗ್ ಹೊತ್ತಿನಲ್ಲಿ ಬಿಗಿಯಾಗಿ ಎಳೆದುಕೊಳ್ಳಿ. ಮಧ್ಯದಲ್ಲಿ ಒಂದು ಬೆರಳು ತೂರುವಷ್ಟು ಸಡಿಲ ಮಾಡಿಕೊಂಡರೆ ಆರಾಮಾಗಿರುತ್ತದೆ. ನಿಮ್ಮ ಮನೆಯವರು ಸೀರೆ ಉಡುವುದಾದರೆ ಸೊಂಟದ ಹತ್ತಿರ ನೆರಿಗೆಯ ಗಂಟು ಬೆಲ್ಟಿನ ಕೆಳಗೆ ಸಿಗದಂತೆ ಸರಿಮಾಡಿಕೊಳ್ಳಲಿ. ಬೆಲ್ಟ್ ಉದ್ದ ಸಾಲದಿದ್ದರೆ ಜೋಡಿಸುವ ತುಂಡು ಇರುತ್ತದೆ, ಕೇಳಲು ಸಂಕೋಚ ಬೇಡ. ಹೊದ್ದು ಮಲಗುವಾಗ ಬೆಲ್ಟನ್ನು ಕಂಬಳಿಯ ಮೇಲೆ ಹಾಕಿಕೊಳ್ಳಿ. ದೀಪ ಹತ್ತಿದಾಗ ನಾವು ಟಾರ್ಚ್ ಹಿಡಿದು ಸಾಲು ಸಾಲು ನೋಡುತ್ತಾ ಬರುತ್ತೇವೆ. ಮೇಲೆ ಕಂಡರೆ ನಿಮ್ಮನ್ನು ಎಬ್ಬಿಸುವುದಿಲ್ಲ.

ಅಷ್ಟು ಗಂಟೆ ಕಟ್ಟಿಹಾಕಿದಂತೆ ಕೂರಬೇಕೆಂದು ಇದರ ಅರ್ಥವಲ್ಲ. ದೀಪ ಆರಿದಾಗ ಎದ್ದು ಬಾತ್‌ರೂಮಿಗೆ ಹೋಗಿ, ನಾಲ್ಕು ಹೆಜ್ಜೆ ಓಡಾಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ನಿಮ್ಮ ವಯಸ್ಸಿಗೆ ಅದು ಬೇಕು. ಬಂದು ಕೂತ ಕೂಡಲೇ ಮತ್ತೆ ಹಾಕಿಕೊಳ್ಳಿ. ಕೂತಿರುವಷ್ಟು ಹೊತ್ತು ಬೆಲ್ಟ್, ಇಷ್ಟೇ ನಿಯಮ.

ಮೊಮ್ಮಗನ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಎರಡು ವರ್ಷದೊಳಗಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಅನುಮತಿ ಇದೆ. ಟಿಕೆಟ್ ದುಡ್ಡೂ ಉಳಿಯುತ್ತದೆ. ಆದರೆ ತಾಯಿಯ ತೋಳು ಬೆಲ್ಟ್ ಅಲ್ಲ. 10 ಕಿಲೋ ಮಗು, ಸೀಟುಗಳನ್ನು ಪರೀಕ್ಷೆ ಮಾಡುವ ಅದೇ 16 ಪಟ್ಟಿನ ಎಳೆತದಲ್ಲಿ 160 ಕಿಲೋ ಆಗುತ್ತದೆ. ಯಾವ ತಾಯಿಯೂ ಹಿಡಿದಿಟ್ಟುಕೊಳ್ಳಲಾರಳು. ಪ್ರೀತಿ ಕಡಿಮೆಯಾಗಿ ಕೈ ಬಿಡುವುದಲ್ಲ.

1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಕಂಪನಿಯ ವಿಮಾನ ನಿಯಂತ್ರಣ ಕಳೆದುಕೊಂಡು ಇಳಿಯಬೇಕಾಯಿತು. ಅದರಲ್ಲಿ ತೊಡೆಯ ಮೇಲಿನ ಮಕ್ಕಳು ನಾಲ್ಕು. ಆಗಿನ ಸೂಚನೆಯಂತೆ ಮುಖ್ಯ ಗಗನಸಖಿ ಜಾನ್ ಬ್ರೌನ್, ಮಕ್ಕಳನ್ನು ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿ ಎಂದು ತಾಯಂದಿರಿಗೆ ಹೇಳಿದರು. 296 ಜನರಲ್ಲಿ 184 ಜನ ಬದುಕಿದರು. ಒಬ್ಬ ತಾಯಿಯ ಕೈಯಿಂದ ಮಗು ಜಾರಿಹೋಗಿತ್ತು. ಮಗುವನ್ನು ಹುಡುಕಲು ಆಕೆ ಹೊಗೆ ತುಂಬಿದ ವಿಮಾನದೊಳಕ್ಕೆ ವಾಪಸ್ ಹೊರಟಾಗ ಬ್ರೌನ್ ಅವರೇ ತಡೆದರು. ಆ ಗಂಡು ಮಗು ಬದುಕಲಿಲ್ಲ. ಬ್ರೌನ್ ಅದನ್ನು ಮನಸ್ಸಿನಿಂದ ತೆಗೆಯಲಾಗದೆ, ಪ್ರತಿ ಮಗುವಿಗೂ ಅದರದೇ ಸೀಟು ಮತ್ತು ಬೆಲ್ಟ್ ಕಡ್ಡಾಯ ಮಾಡಿ ಎಂದು ಎಷ್ಟೋ ವರ್ಷ ಹೋರಾಡಿದರು. ಅಮೆರಿಕದಲ್ಲಿ ಅದು ಇನ್ನೂ ಕಡ್ಡಾಯವಾಗಿಲ್ಲ. ಟಿಕೆಟ್ ಕಡ್ಡಾಯ ಮಾಡಿದರೆ ಜನ ಕಾರಿನಲ್ಲಿ ಹೋಗುತ್ತಾರೆ, ರಸ್ತೆಯಲ್ಲಿ ಇನ್ನೂ ಜಾಸ್ತಿ ಮಕ್ಕಳು ಸಾಯುತ್ತಾರೆ ಎನ್ನುವುದು ಅಲ್ಲಿನ ಅಧಿಕಾರಿಗಳ ವಾದ. ಆ ವಾದದಲ್ಲೂ ಅರ್ಥವಿದೆ. ಆದರೆ ನೀವು ಸಮುದ್ರ ದಾಟಿ ಬರುವವರು, ನಿಮಗೆ ಕಾರಿನ ದಾರಿಯೇ ಇಲ್ಲ.

ಆದ್ದರಿಂದ ಸಾಧ್ಯವಾದರೆ ಮೊಮ್ಮಗನಿಗೆ ಒಂದು ಸೀಟು ತೆಗೆದುಕೊಳ್ಳಿ. ಮಗಳ ಕಾರಿನಲ್ಲಿ ಮಗುವಿನ ಸೀಟು ಇದ್ದೇ ಇರುತ್ತದೆ. ವಿಮಾನದಲ್ಲೂ ಬಳಸಬಹುದು ಎಂದು ಅದರ ಚೀಟಿಯಲ್ಲಿ ಕೆಂಪು ಅಕ್ಷರದಲ್ಲಿ ಬರೆದಿದೆಯಾ ನೋಡಲು ಹೇಳಿ. ಇದ್ದರೆ ಅದನ್ನೇ ತರಬಹುದು, ಅಗಲ ಹೊಂದುತ್ತದೆಯಾ ಎಂದು ವಿಮಾನ ಕಂಪನಿಗೆ ಮೊದಲೇ ಕೇಳಬೇಕು. ದುಬಾರಿ ಅನ್ನಿಸಿ ತೊಡೆಯ ಮೇಲೇ ಕೂರಿಸಿಕೊಳ್ಳುವುದಾದರೆ, ತಾಯಿಯ ಬೆಲ್ಟಿಗೆ ಪೋಣಿಸುವ ಚಿಕ್ಕ ಬೆಲ್ಟ್ ಕೊಡುತ್ತಾರಾ ಕೇಳಿ. ನಮ್ಮ ದೇಶದ ಮತ್ತು ಯುರೋಪಿನ ವಿಮಾನಗಳಲ್ಲಿ ಕೊಡುತ್ತಾರೆ, ಅಮೆರಿಕದ ಕಂಪನಿಗಳು ಕೊಡುವುದಿಲ್ಲ. ತಾಯಿಯ ಬೆಲ್ಟನ್ನೇ ಇಬ್ಬರಿಗೂ ಸೇರಿಸಿ ಮಾತ್ರ ಹಾಕಬೇಡಿ. ಮುಂದಕ್ಕೆ ಎಸೆದಾಗ ತಾಯಿಯ ಪೂರ್ತಿ ಭಾರ ಮಗುವಿನ ಹೊಟ್ಟೆಯ ಮೇಲೆ ಬೀಳುತ್ತದೆ. ಗೋಡೆಗೆ ಹಾಕುವ ತೊಟ್ಟಿಲಲ್ಲಿ ಮಗು ಮಲಗಿದ್ದರೂ ಬೆಲ್ಟಿನ ದೀಪ ಹತ್ತಿದ ಕೂಡಲೇ ಎತ್ತಿಕೊಳ್ಳಬೇಕು. ನಿದ್ದೆ ಕೆಡುತ್ತದೆ, ಅಳುತ್ತಾನೆ. ಅಳಲಿ.

ವಿಮಾನ ಇಳಿದ ಮೇಲಿನದೊಂದು ಮಾತು. ಚಕ್ರ ನೆಲಕ್ಕೆ ತಾಗಿದ ಕೂಡಲೇ ಹಿಂದಿನಿಂದ ಟಕ್, ಟಕ್, ಟಕ್ ಎಂದು ಬಕಲ್ ಬಿಚ್ಚುವ ಸದ್ದು ಶುರುವಾಗುತ್ತದೆ. ಆ ಸದ್ದು ಕೇಳಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ. ವಿಮಾನ ಇನ್ನೂ ಓಡುತ್ತಿರುತ್ತದೆ, ಎದುರಿಗೆ ಏನೋ ಬಂದರೆ ಪೈಲಟ್ ಗಕ್ಕನೆ ಬ್ರೇಕ್ ಹಾಕುತ್ತಾರೆ. ನಿಂತವರು ಬೀಳುತ್ತಾರೆ, ಎತ್ತಿಕೊಂಡ ಬ್ಯಾಗು ಕೂತವರ ತಲೆಗೆ ಬೀಳುತ್ತದೆ. ಎಲ್ಲರೂ ಎದ್ದರೂ ನೀವಿಬ್ಬರು ಕೂತೇ ಇರಿ. ದೀಪ ಆರಿದ ಮೇಲೆ ಎದ್ದರೆ ಸಾಕು. ಹೇಗಿದ್ದರೂ ಬಾಗಿಲು ತೆಗೆಯಲು ಹೊತ್ತು ಹಿಡಿಯುತ್ತದೆ.

ಕೊನೆಯದಾಗಿ ಬಕಲ್. ಕಾರಿನದು ಗುಂಡಿ ಒತ್ತಿದರೆ ಬಿಚ್ಚುತ್ತದೆ, ವಿಮಾನದ್ದು ಮುಚ್ಚಳ ಎತ್ತಿದರೆ ಬಿಚ್ಚುತ್ತದೆ. ನೋಡಲು ಸಣ್ಣ ವ್ಯತ್ಯಾಸ. ಆದರೆ ಗಾಬರಿಯಲ್ಲಿ ಕೈ ತನಗೆ ರೂಢಿ ಇದ್ದದ್ದನ್ನೇ ಮಾಡುತ್ತದೆ. ಅಪಘಾತದಲ್ಲಿ ಪಾರಾದವರು, ಸೊಂಟದ ಪಕ್ಕದಲ್ಲಿ ಇಲ್ಲದ ಗುಂಡಿಯನ್ನು ಹುಡುಕುತ್ತಿದ್ದೆ ಎಂದು ಹೇಳಿದ್ದು ಉಂಟು. ನಾವು ಬಾಗಿಲ ಹತ್ತಿರ ನಿಂತು ಬೆಲ್ಟ್ ಹಾಕಿ ಬಿಚ್ಚಿ ತೋರಿಸುವುದು ಅದಕ್ಕೇ. ನೀವು ಸೀಟಿನಲ್ಲಿ ಕೂತ ಮೇಲೆ, ವಿಮಾನ ಹೊರಡುವುದಕ್ಕೆ ಮುಂಚೆ, ಮೂರು ಸಲ ಹಾಕಿ, ಮೂರು ಸಲ ಬಿಚ್ಚಿ. ಮೂರನೇ ಸಲ ಕಣ್ಣು ಮುಚ್ಚಿಕೊಂಡು. ನಿಮ್ಮ ಮನೆಯವರಿಗೂ ಮಾಡಿಸಿ, ಅವರ ಕೈಗೇ ಬಕಲ್ ಕೊಟ್ಟು ನೀವು ಸುಮ್ಮನೆ ನೋಡುತ್ತಾ ಕೂತಿರಿ. ಆಮೇಲೆ ನಿಮ್ಮ ಸೀಟಿನಿಂದ ಹತ್ತಿರದ ಬಾಗಿಲಿಗೆ ಎಷ್ಟು ಸಾಲು ಎಂದು ಇಬ್ಬರೂ ಎಣಿಸಿಕೊಳ್ಳಿ, ಮುಂದಕ್ಕೂ ಹಿಂದಕ್ಕೂ. ನಾನು ಇವತ್ತಿಗೂ ಪ್ರಯಾಣಿಕಳಾಗಿ ಹೋದಾಗ ಇಷ್ಟನ್ನು ಮಾಡಿ ಮುಗಿಸಿದ ಮೇಲೆಯೇ ಪುಸ್ತಕ ತೆಗೆಯುವುದು.